ಮಾತಿನಿಂದ ಬರಹ: ಮೊಬೈಲಿಗೆ ಹೇಳಿ ಕನ್ನಡ ಬರೆಸುವ ಕ್ರಮ

ಯಾವ ಗೊಬ್ಬರವನ್ನು ಯಾವ ದಿನ ಎಷ್ಟು ಕೊಡಲಾಯಿತು, ಯಾವ ಔಷಧಿಯನ್ನು ಯಾವ ಪ್ರಮಾಣದಲ್ಲಿ ಸಿಂಪಡಿಸಲಾಯಿತು, ಕೂಲಿಗೆಂದು ಎಷ್ಟು ಹಣ ಹೋಯಿತು ಎಂಬುದನ್ನು ಬರೆದಿಡಬೇಕೆಂದು ವಿಸ್ತರಣಾ ಕಾರ್ಯಕರ್ತರು ಹೇಳುತ್ತಲೇ ಬಂದಿದ್ದಾರೆ. ರೈತರೂ ಅದನ್ನು ಒಪ್ಪುತ್ತಾರೆ. ಆದರೆ ಬರೆದಿಡುವವರು ಕಡಿಮೆ. ಇದಕ್ಕೆ ಅಸಡ್ಡೆಯೊಂದೇ ಕಾರಣವಲ್ಲ. ಬೆಳಗಿನಿಂದ ಸಂಜೆಯವರೆಗೆ ಕುಡುಗೋಲು, ಗುದ್ದಲಿ ಹಿಡಿದ ಕೈಗೆ ರಾತ್ರಿ ಲೇಖನಿ ಹಿಡಿಯುವುದು ಸುಲಭವಲ್ಲ. ಶಾಲೆ ಬಿಟ್ಟು ಮೂವತ್ತು ನಲವತ್ತು ವರ್ಷ ಕಳೆದವರಿಗೆ ಓದು ಉಳಿದಿರುತ್ತದೆ, ಬರೆಯುವ ರೂಢಿ ತಪ್ಪಿರುತ್ತದೆ. ಮೊಬೈಲಿನ ಸಣ್ಣ ಕೀಲಿಗಳಲ್ಲಿ ಕನ್ನಡ ಒತ್ತುವುದು ಇನ್ನೂ ತ್ರಾಸದ ಕೆಲಸ. ಕನ್ನಡ ಕೀಲಿಮಣೆಯಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಮೂಡಬೇಕಾದರೆ ಆರು ಸಲ ಒತ್ತಬೇಕಾಗುತ್ತದೆ.

ಈಗ ರೈತರ ಕೈಯಲ್ಲಿರುವ ಸಾಮಾನ್ಯ ಆಂಡ್ರಾಯ್ಡ್ ಮೊಬೈಲಿನಲ್ಲೇ ಈ ತೊಡಕಿಗೆ ಒಂದು ಪರಿಹಾರವಿದೆ. ಬಾಯಿಂದ ಹೇಳಿದ ಕನ್ನಡ ಮಾತನ್ನು ಮೊಬೈಲು ಕೇಳಿಸಿಕೊಂಡು ಅಕ್ಷರಗಳಲ್ಲಿ ಬರೆಯುತ್ತದೆ. ಇದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಆದರೆ ಈ ಸಾಧನಕ್ಕೆ ತನ್ನದೇ ಆದ ದೋಷಗಳಿವೆ. ಕೆಲವು ದೋಷಗಳು ನಗೆ ಬರಿಸುವಂಥವು. ಇನ್ನು ಕೆಲವು ಬೆಳೆಯನ್ನೇ ಹಾಳುಮಾಡಬಲ್ಲವು. ಆದುದರಿಂದ ಬಳಕೆಯ ಕ್ರಮದೊಡನೆ ಎಚ್ಚರಿಕೆಯ ಕ್ರಮಗಳನ್ನೂ ತಿಳಿಯುವುದು ಅಗತ್ಯ.

ಈ ಸಾಧನ ಬಂದ ಬಗೆ

ಯಂತ್ರಕ್ಕೆ ಮಾತು ತಿಳಿಸುವ ಪ್ರಯತ್ನ ಹಳೆಯದು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ಯಂತ್ರವು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮಾತ್ರ ಗುರುತಿಸುತ್ತಿತ್ತು. ಅದೂ ಒಂದೊಂದು ಅಂಕಿಯ ನಡುವೆ ನಿಲ್ಲಿಸಿ ಹೇಳಿದರೆ ಮಾತ್ರ. 1990ರ ಹೊತ್ತಿಗೆ ಇಂಗ್ಲಿಷಿಗೆ ಬಂದ ತಂತ್ರಾಂಶದಲ್ಲಿಯೂ ಪದಪದದ ನಡುವೆ ತಡೆದು ಮಾತನಾಡಬೇಕಿತ್ತು. ಸಹಜವಾಗಿ ಹರಿಯುವ ಮಾತನ್ನು ಬರೆದುಕೊಳ್ಳುವ ತಂತ್ರಾಂಶ ಮಾರಾಟಕ್ಕೆ ಬಂದು ಜನಬಳಕೆಗೆ ದೊರೆತದ್ದು 1997ರಲ್ಲಿ.

ಈ ಸಂಶೋಧನೆಗೆ ದಾರಿ ಮಾಡಿದವರಲ್ಲಿ ಒಬ್ಬರು ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯ ಕಾಟೂರು ಗ್ರಾಮದ ಒಕ್ಕಲು ಮನೆತನದಲ್ಲಿ ಹುಟ್ಟಿದ ರಾಜ್ ರೆಡ್ಡಿಯವರು ಎಂಬುದು ಗಮನಾರ್ಹ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅವರು ಹಲವು ವರ್ಷ ಮಾತಿನ ಗುರುತಿಸುವಿಕೆಯ ಮೇಲೆ ಕೆಲಸ ಮಾಡಿದರು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1994ರಲ್ಲಿ ಅವರಿಗೆ ದೊರೆಯಿತು.

ಕನ್ನಡಕ್ಕೆ ಈ ಸೌಲಭ್ಯ ತಡವಾಗಿ ಬಂತು. ಗೂಗಲ್ ಸಂಸ್ಥೆಯು 2017ರ ಆಗಸ್ಟ್ ತಿಂಗಳಲ್ಲಿ ಕನ್ನಡವೂ ಸೇರಿದಂತೆ 8 ಭಾರತೀಯ ಭಾಷೆಗಳನ್ನು ತನ್ನ ಧ್ವನಿ ಬರಹಕ್ಕೆ ಹೊಸದಾಗಿ ಸೇರಿಸಿತು. ಅದೇ ವರ್ಷ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯ ಸಂಶೋಧಕರು ಕೃಷಿ ಉತ್ಪನ್ನಗಳ ಪೇಟೆ ಧಾರಣೆ ಮತ್ತು ಹವಾಮಾನದ ವಿವರಗಳನ್ನು ಕನ್ನಡದಲ್ಲಿ ಮಾತನಾಡಿಯೇ ಕೇಳಿ ಪಡೆಯುವ ವ್ಯವಸ್ಥೆಯೊಂದರ ವರದಿಯನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಕನ್ನಡವೂ ಸೇರಿದಂತೆ 9 ಭಾಷೆಗಳಲ್ಲಿ, ಬೇರೆ ಬೇರೆ ಪ್ರಾಂತಗಳ ಆಡುನುಡಿಯ ಧ್ವನಿಯನ್ನು ಕೃಷಿ ಮತ್ತು ಹಣಕಾಸು ವಿಷಯಗಳಿಗೆ ಸಂಬಂಧಿಸಿ ಸಂಗ್ರಹಿಸುವ ಕೆಲಸ ಕೈಗೊಂಡಿತು. ಕಲಬುರಗಿಯ ರೈತ ಆಡುವ ಮಾತೂ ಕುಂದಾಪುರದ ರೈತ ಆಡುವ ಮಾತೂ ಯಂತ್ರಕ್ಕೆ ಒಂದೇ ರೀತಿ ತಿಳಿಯಬೇಕಾದರೆ ಇಂಥ ಸಂಗ್ರಹವಿಲ್ಲದೆ ಆಗದು.

ಯಂತ್ರ ಮಾತನ್ನು ಹೇಗೆ ಬರೆಯುತ್ತದೆ?

ಇದನ್ನು ಸ್ಥೂಲವಾಗಿ ತಿಳಿದಿದ್ದರೆ ಎಲ್ಲಿ ತಪ್ಪಾಗುತ್ತದೆಂಬುದು ತಾನಾಗಿ ಗೊತ್ತಾಗುತ್ತದೆ. ಮೊಬೈಲಿನ ಮೈಕು ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಮಾಡುತ್ತದೆ. ಈ ಅಂಕಿಗಳನ್ನು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಯಾವ ತುಣುಕು ಯಾವ ಉಚ್ಚಾರಕ್ಕೆ ಹತ್ತಿರವೆಂದು ನೋಡಲಾಗುತ್ತದೆ. ಸಾಮಾನ್ಯವಾಗಿ ಈ ಕೆಲಸ ನಡೆಯುವುದು ಮೊಬೈಲಿನಲ್ಲಲ್ಲ. ಅಂತರ್ಜಾಲದ ಮೂಲಕ ದೂರದ ದೊಡ್ಡ ಗಣಕಗಳಲ್ಲಿ. ಮುಂದಿನದು ಊಹೆಯ ಕೆಲಸ. ಆ ಉಚ್ಚಾರಕ್ಕೆ ಹೊಂದುವ ಹಲವು ಪದಗಳಿರುತ್ತವೆ. ಅವುಗಳಲ್ಲಿ ಹಿಂದು ಮುಂದಿನ ಪದಗಳೊಡನೆ ಹೆಚ್ಚಾಗಿ ಜೊತೆಗೂಡಿ ಬರುವ ಪದ ಯಾವುದೋ ಅದನ್ನು ಗಣಕ ಆರಿಸಿಕೊಳ್ಳುತ್ತದೆ.

ಅಂದರೆ ಯಂತ್ರಕ್ಕೆ ಅರ್ಥ ತಿಳಿದು ಬರೆಯುವ ಜವಾಬ್ದಾರಿ ಇಲ್ಲ. ಅದು ರೂಢಿಯನ್ನು ಅನುಸರಿಸುತ್ತದೆ. ‘ಶೇಂಗಾ’ ಎಂದು ಹೇಳುವಾಗ ನಾಲಿಗೆ ‘ಸೇಂಗಾ’ ಎಂದರೂ ಸರಿಯಾದ ರೂಪವೇ ಮೂಡುವುದುಂಟು. ಕಾಗುಣಿತ, ಒತ್ತಕ್ಷರಗಳ ಅಂಜಿಕೆಯಿಂದ ಬರೆಯುವುದನ್ನೇ ಬಿಟ್ಟವರಿಗೆ ಇದು ದೊಡ್ಡ ಅನುಕೂಲ. ಆದರೆ ಎರಡು ಪದಗಳೂ ರೂಢಿಯಲ್ಲಿದ್ದು, ಎರಡೂ ಆ ವಾಕ್ಯಕ್ಕೆ ಹೊಂದುವಂತಿದ್ದರೆ ಯಂತ್ರ ಸೋಲುತ್ತದೆ. ‘ಈರುಳ್ಳಿ ಬೆಳೆ ಬಿದ್ದಿದೆ’ ಎಂದು ರೈತ ಹೇಳಿದ್ದು ‘ಈರುಳ್ಳಿ ಬೆಲೆ ಬಿದ್ದಿದೆ’ ಎಂದು ಮೂಡಬಹುದು. ವ್ಯಾಕರಣದಲ್ಲಿ ಎರಡೂ ಸರಿ. ಎರಡೂ ಪೇಟೆಯಲ್ಲಿ, ಹೊಲದಲ್ಲಿ ದಿನವೂ ಕೇಳುವ ಮಾತೇ. ಆದರೆ ಬೆಳೆ ನಷ್ಟದ ಅರ್ಜಿಯಲ್ಲಿ ಇಂಥ ಒಂದಕ್ಷರ ಬದಲಾದರೆ ಅರ್ಜಿಯ ಉದ್ದೇಶವೇ ಬದಲಾಗುತ್ತದೆ. ‘ಕಾಳು’ ಮತ್ತು ‘ಕಾಲು’, ‘ಅಕ್ಕಿ’ ಮತ್ತು ‘ಹಕ್ಕಿ’, ‘ಹತ್ತಿ’ ಮತ್ತು ‘ಹತ್ತು’ ಇಂಥವೇ ಜೋಡಿಗಳು. ಹಕಾರವನ್ನು ತೇಲಿಸಿ ಆಡುವ, ಲಕಾರ ಳಕಾರಗಳನ್ನು ಬೆರೆಸಿ ಆಡುವ ಪ್ರದೇಶಗಳಲ್ಲಿ ಇವು ಹೆಚ್ಚು ಕಾಡುತ್ತವೆ. ಇದರಲ್ಲಿ ರೈತರು ನಾಚಬೇಕಾದ್ದೇನೂ ಇಲ್ಲ. ಆಡುನುಡಿಯನ್ನು ಇನ್ನೂ ಕಲಿಯಬೇಕಾಗಿರುವುದು ಯಂತ್ರ.

ಸಿದ್ಧತೆ

ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ‘ಜಿಬೋರ್ಡ್’ ಎಂಬ ಕೀಲಿಮಣೆ ಮೊದಲೇ ಇರುತ್ತದೆ. ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಹೋಗಿ ಕನ್ನಡವನ್ನು ಸೇರಿಸಬೇಕು. ಈ ಕೆಲಸ ಒಮ್ಮೆ ಮಾಡಿದರೆ ಸಾಕು; ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಬಳಿಕ ಬರೆಯುವ ಜಾಗವನ್ನು ಮುಟ್ಟಿದಾಗ ಕೀಲಿಮಣೆ ತೆರೆದುಕೊಳ್ಳುತ್ತದೆ. ಭೂಗೋಳದ ಚಿಹ್ನೆಯನ್ನು ಒತ್ತಿ ಕನ್ನಡ ಕೀಲಿಮಣೆಗೆ ಬದಲಿಸಿ, ಅನಂತರ ಕೀಲಿಮಣೆಯ ಮೇಲಂಚಿನಲ್ಲಿರುವ ಮೈಕಿನ ಚಿಹ್ನೆಯನ್ನು ಒತ್ತಿ ಮಾತನಾಡಬೇಕು. ಕೀಲಿಮಣೆ ಇಂಗ್ಲಿಷಿನಲ್ಲಿದ್ದಾಗ ಕನ್ನಡ ಮಾತನಾಡಿದರೆ ತಲೆಬುಡವಿಲ್ಲದ ಇಂಗ್ಲಿಷ್ ಪದಗಳ ರಾಶಿ ಬೀಳುತ್ತದೆ. ‘ನನ್ನ ಮೊಬೈಲಿಗೆ ಕನ್ನಡ ಬರುವುದಿಲ್ಲ’ ಎಂದು ಹೇಳುವವರು ಮೊದಲು ಇದನ್ನೇ ನೋಡಿಕೊಳ್ಳಬೇಕು.

ವಾಟ್ಸಾಪ್‌ನಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ಎರಡು ಮೈಕುಗಳು ಕಾಣುತ್ತವೆ. ಬರೆಯುವ ಪಟ್ಟಿಯ ಬಲಬದಿಗಿರುವ ದುಂಡನೆಯ ಮೈಕು ಧ್ವನಿಯನ್ನು ಧ್ವನಿಯಾಗಿಯೇ ಕಳಿಸುತ್ತದೆ. ಬರಹವಾಗಬೇಕಾದರೆ ಒತ್ತಬೇಕಾದದ್ದು ಕೀಲಿಮಣೆಯ ಮೇಲಿರುವ ಚಿಕ್ಕ ಮೈಕನ್ನು. ಸ್ನೇಹಿತರಿಗೆ, ನೆಂಟರಿಗೆ ಧ್ವನಿ ಕಳಿಸಿದರೆ ತೊಂದರೆಯಿಲ್ಲ. ಆದರೆ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಒಂದೇ ದಿನ ಹತ್ತಾರು ರೈತರಿಂದ ಪ್ರಶ್ನೆ ಬರುವಾಗ ಬರಹದ ಪ್ರಶ್ನೆಯನ್ನು ಒಂದೇ ನೋಟಕ್ಕೆ ಓದಿ ಉತ್ತರಿಸಬಹುದು. ಬರಹವನ್ನು ಮುಂದೆ ಹುಡುಕಿ ತೆಗೆಯುವುದೂ ಸುಲಭ.

ಮಾತನಾಡುವ ಕ್ರಮ

ಮೊಬೈಲನ್ನು ಬಾಯಿಂದ ಸುಮಾರು ಅರ್ಧ ಅಡಿ ದೂರದಲ್ಲಿ ಹಿಡಿಯಬೇಕು. ಪಂಪಿನ ಮೋಟಾರು, ಟ್ರ್ಯಾಕ್ಟರ್, ಒಕ್ಕಣೆ ಯಂತ್ರಗಳ ಪಕ್ಕದಲ್ಲಿ ನಿಂತು ಹೇಳಿದರೆ ಬರಹ ಕೆಡುತ್ತದೆ. ಗಾಳಿ ನೇರವಾಗಿ ಮೈಕಿಗೆ ಬಡಿಯುವಂತಿದ್ದರೆ ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಕೂಗಿ ಹೇಳುವ ಅಗತ್ಯವಿಲ್ಲ, ಪದಗಳನ್ನು ಬಿಡಿಬಿಡಿಯಾಗಿ ಎಳೆದು ಹೇಳುವುದೂ ಬೇಡ. ಮೇಲೆ ಹೇಳಿದಂತೆ ಯಂತ್ರ ಹಿಂದು ಮುಂದಿನ ಪದ ನೋಡಿ ಊಹಿಸುವುದರಿಂದ, ಒಂಟಿ ಪದಕ್ಕಿಂತ ಪೂರ್ಣ ವಾಕ್ಯವೇ ಹೆಚ್ಚು ಸರಿಯಾಗಿ ಮೂಡುತ್ತದೆ. ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಆಮೇಲೆ ಮೈಕನ್ನು ಒತ್ತುವುದು ಒಳ್ಳೆಯದು. ನಡುವೆ ಯೋಚಿಸುತ್ತ ಕೆಲವು ಸೆಕೆಂಡು ಸುಮ್ಮನಾದರೆ ಮೈಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಮತ್ತೆ ಒತ್ತಿ ಮುಂದುವರಿಸಬಹುದು. ವಾಕ್ಯದ ಕೊನೆಯ ಚುಕ್ಕೆಯನ್ನು ಬೆರಳಿನಿಂದಲೇ ಇಡುವ ರೂಢಿ ಮಾಡಿಕೊಂಡರೆ ವಾಕ್ಯಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

‘ಹಚ್ಚಾಕ ಹತ್ತೇವಿ’, ‘ಮಾಡ್ತಾ ಇದೀವಿ’ ಎಂಬ ಆಡುರೂಪಗಳಿಗಿಂತ ‘ಹಚ್ಚುತ್ತಿದ್ದೇವೆ’, ‘ಮಾಡುತ್ತಿದ್ದೇವೆ’ ಎಂಬ ಪುಸ್ತಕದ ರೂಪಗಳು ಸದ್ಯಕ್ಕೆ ಹೆಚ್ಚು ಚೆನ್ನಾಗಿ ಮೂಡುತ್ತವೆ. ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಮಾತನಾಡುವಂತೆ ಮಾತನಾಡಿದರೆ ಸರಿಹೋಗುತ್ತದೆ. ಯೂರಿಯಾ, ಪೊಟ್ಯಾಷ್, ಡ್ರಿಪ್, ಮಲ್ಚಿಂಗ್ ಮೊದಲಾದ ಬಳಕೆಯ ಪದಗಳನ್ನು ಕಷ್ಟಪಟ್ಟು ಕನ್ನಡಿಸಿ ಹೇಳಬೇಕಾಗಿಲ್ಲ.

ವೇಗದ ವಿಷಯದಲ್ಲಿ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಇತರರೊಡನೆ ಸೇರಿ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಮೊಬೈಲಿನಲ್ಲಿ ಇಂಗ್ಲಿಷನ್ನು ಬೆರಳಿನಿಂದ ಒತ್ತುವುದಕ್ಕಿಂತ ಹೇಳಿ ಬರೆಸುವುದು ಸುಮಾರು 3 ಪಟ್ಟು ಬೇಗ ಮುಗಿಯಿತು. ಕನ್ನಡಕ್ಕೆ ಈ ಅಂಕಿಯನ್ನು ಹಾಗೆಯೇ ಹಿಡಿಯುವುದು ತರವಲ್ಲ. ಕನ್ನಡದಲ್ಲಿ ಒಂದು ಕ್ರಿಯಾಪದಕ್ಕೆ ಪ್ರತ್ಯಯಗಳು ಸೇರಿ ನೂರಾರು ರೂಪಗಳಾಗುವುದರಿಂದ ಯಂತ್ರಕ್ಕೆ ಊಹೆ ಕಠಿಣ. ತಿದ್ದುವ ಸಮಯ ಹೆಚ್ಚು. ಆದರೆ ಕನ್ನಡದಲ್ಲಿ ಬೆರಳಿನಿಂದ ಒತ್ತುವುದೂ ಅಷ್ಟೇ ನಿಧಾನವಾದ್ದರಿಂದ ಹೇಳಿ ಬರೆಸುವವರಿಗೆ ಲಾಭ ಉಳಿದೇ ಉಳಿಯುತ್ತದೆ.

ಅಂಕಿಗಳಲ್ಲಿ ಅಪಾಯ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಈ ಭಾಗವನ್ನು ಮರೆಯಬಾರದು. ಪದ ತಪ್ಪಿದರೆ ಓದುವವರು ಸಂದರ್ಭ ನೋಡಿ ಸರಿಪಡಿಸಿಕೊಳ್ಳುತ್ತಾರೆ. ಅಂಕಿ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ತಪ್ಪು ಅಂಕಿಯೂ ನೋಡಲು ಸರಿಯಾದ ಅಂಕಿಯಂತೆಯೇ ಇರುತ್ತದೆ.

ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಭಾರತದಲ್ಲಿ ಈ ಕೀಟ ಮೊದಲು ಕಂಡದ್ದು 2018ರಲ್ಲಿ, ಕರ್ನಾಟಕದ ಶಿವಮೊಗ್ಗದಲ್ಲಿ. ಇದರ ಹತೋಟಿಗೆ ಶಿಫಾರಸು ಮಾಡಿರುವ ಔಷಧಿಗಳಲ್ಲಿ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಒಂದು. ಪ್ರಮಾಣ ಲೀಟರ್ ನೀರಿಗೆ 0.4 ಗ್ರಾಂ. ವಿಸ್ತರಣಾ ಕಾರ್ಯಕರ್ತರೊಬ್ಬರು ಇದನ್ನು ‘ಲೀಟರಿಗೆ ಸೊನ್ನೆ ಬಿಂದು ನಾಲ್ಕು ಗ್ರಾಂ’ ಎಂದು ಮೊಬೈಲಿಗೆ ಹೇಳಿ, ನೋಡದೆ ಊರಿನ ಗುಂಪಿಗೆ ಕಳಿಸಿದರೆಂದು ಇಟ್ಟುಕೊಳ್ಳೋಣ. ಬಿಂದುವೊಂದು ಬಿಟ್ಟುಹೋದರೆ ಅದು ‘04 ಗ್ರಾಂ’ ಅಥವಾ ‘4 ಗ್ರಾಂ’ ಆಗುತ್ತದೆ. 15 ಲೀಟರಿನ ಕ್ಯಾನಿಗೆ 6 ಗ್ರಾಂ ಹಾಕಬೇಕಾದ ರೈತ 60 ಗ್ರಾಂ ಹಾಕುತ್ತಾನೆ. ಹತ್ತು ಪಟ್ಟು ಹಣ ಹೋಗುವುದು ಒಂದೆಡೆ ಇರಲಿ. ಸಿಂಪಡಿಸುವವನ ಆರೋಗ್ಯ, ಹೊಲದ ಮಿತ್ರ ಕೀಟಗಳು, ಆ ಮೇವನ್ನು ತಿನ್ನುವ ದನಗಳು ಎಲ್ಲಕ್ಕೂ ಅದು ಕೇಡು.

ಇದಕ್ಕೆ ಉಪಾಯ ಸರಳ. ಪ್ರಮಾಣವನ್ನು ಬಿಂದುವಿಲ್ಲದ ಪೂರ್ಣ ಅಂಕಿಗಳಲ್ಲಿ ಹೇಳಬೇಕು. ‘ಹದಿನೈದು ಲೀಟರ್ ಕ್ಯಾನಿಗೆ ಆರು ಗ್ರಾಂ’ ಎಂದರೆ ಬಿಂದುವಿನ ಪ್ರಶ್ನೆಯೇ ಇಲ್ಲ. ರೈತನಿಗೂ ಅಳೆಯಲು ಅದೇ ಅನುಕೂಲ. ಅದರ ಮೇಲೆ ಪ್ರಮಾಣವನ್ನು ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ ಬರೆಯುವುದು ಇನ್ನೂ ಕ್ಷೇಮ. ಬ್ಯಾಂಕಿನ ಚೆಕ್ಕಿನಲ್ಲಿ ಹಾಗೆ ಬರೆಯುವುದು ಸುಮ್ಮನೆ ಅಲ್ಲ. ಔಷಧಿಯ ಹೆಸರನ್ನು ಯಂತ್ರದ ಮೇಲೆ ಬಿಡದೆ ಡಬ್ಬಿಯ ಚೀಟಿಯ ಫೋಟೋ ತೆಗೆದು ಜೊತೆಗೆ ಕಳಿಸಬೇಕು. ಔಷಧಿಗಳ ಉದ್ದುದ್ದ ಹೆಸರುಗಳು ಯಂತ್ರದಲ್ಲಿ ವಿಚಿತ್ರ ರೂಪ ತಾಳುತ್ತವೆ.

‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಕಿವಿಗೆ ಬಹಳ ಹತ್ತಿರ. ಮನುಷ್ಯರಿಗೇ ಫೋನಿನಲ್ಲಿ ತಪ್ಪಿ ಕೇಳಿಸುತ್ತದೆ. ಎಕರೆಗೆ ಮೇಲುಗೊಬ್ಬರವಾಗಿ ಕೊಡಬೇಕಾದ 20 ಕಿಲೋ ಯೂರಿಯಾ 70 ಕಿಲೋ ಎಂದು ಮೂಡಬಾರದೆಂದೇನೂ ಇಲ್ಲ. ‘ಎರಡೂವರೆ’, ‘ಮುಕ್ಕಾಲು’, ‘ಒಂದೂಕಾಲು’ ಎಂಬ ಭಿನ್ನರಾಶಿಗಳೂ ಅಷ್ಟೇ. ಸರ್ವೆ ನಂಬರು, ಹಿಸ್ಸಾ ನಂಬರು, ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಹೇಳಿ ಬರೆಸಲೇಬಾರದು. ಪಹಣಿಯನ್ನು ಮುಂದಿಟ್ಟುಕೊಂಡು ಬೆರಳಿನಿಂದಲೇ ಒತ್ತಬೇಕು.

ಬೆಳೆ ನಷ್ಟದ ಸೂಚನೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ ಸಿಕ್ಕಿದರೆ, ಇಲ್ಲವೆ ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೆ, 72 ಗಂಟೆಗಳ ಒಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಸೂಚನೆ ಕೊಡಬೇಕು. ಮಳೆ ನಿಂತು, ಹೊಲಕ್ಕೆ ಹೋಗಿ ನೋಡಿ, ಬರೆದುಕೊಡುವವರನ್ನು ಹುಡುಕುವಷ್ಟರಲ್ಲಿ ಈ ಅವಧಿ ಕಳೆದುಹೋಗುವುದುಂಟು. ಹೊಲದ ಬದುವಿನಲ್ಲಿ ನಿಂತು ಹೇಳಿ ಬರೆಸುವುದು ಇಂಥ ಹೊತ್ತಿನಲ್ಲಿ ನಿಜವಾದ ಉಪಯೋಗಕ್ಕೆ ಬರುತ್ತದೆ. ಇಂತಹ ಸೂಚನೆಯಲ್ಲಿ ಊರು, ಬೆಳೆ, ಬಿತ್ತಿದ ದಿನ, ವಿಸ್ತೀರ್ಣ, ವಿಕೋಪ ಯಾವುದು, ಯಾವ ದಿನ ಎಷ್ಟು ಹೊತ್ತಿಗೆ ಆಯಿತು, ಬೆಳೆ ಯಾವ ಹಂತದಲ್ಲಿತ್ತು ಎಂಬುದಿಷ್ಟಿದ್ದರೆ ಸಾಕು. ‘ನಿನ್ನೆ’, ‘ಮೊನ್ನೆ’ ಎನ್ನದೆ ತಾರೀಖನ್ನೇ ಹೇಳಬೇಕು. ಕಳಿಸುವ ಮೊದಲು ‘ಬೆಳೆ’ ಎಂಬ ಪದ ಬಂದ ಕಡೆಯೆಲ್ಲ ‘ಬೆಲೆ’ ಆಗಿಲ್ಲವೆಂದು ನೋಡಬೇಕು. ಕಳಿಸಿದ ಪ್ರತಿ ಮತ್ತು ಕಳಿಸಿದ ವೇಳೆ ಮೊಬೈಲಿನಲ್ಲಿ ಉಳಿಯುವುದು ಮುಂದೆ ತಕರಾರು ಬಂದಾಗ ಆಧಾರವಾಗುತ್ತದೆ.

ದಿನದ ಲೆಕ್ಕ

ದಿನಚರಿಗೆ ದೊಡ್ಡ ವಾಕ್ಯಗಳು ಬೇಡ. ‘ಮೇಲಿನ ಹೊಲ. ಹತ್ತಿಗೆ ಎರಡನೆಯ ಸಲ ಎಡೆ ಹೊಡೆಯಲಾಯಿತು. ಎತ್ತು ಒಂದು ಜೊತೆ. ಹೆಣ್ಣಾಳು ನಾಲ್ಕು. ರಸ ಹೀರುವ ಕೀಟ ಅಲ್ಲಲ್ಲಿ ಕಂಡಿದೆ.’ ಇಷ್ಟು ಹೇಳಲು ಅರ್ಧ ನಿಮಿಷ ಹಿಡಿಯುವುದಿಲ್ಲ. ಕೀಟ ಮೊದಲು ಯಾವ ದಿನ ಕಂಡಿತೆಂಬ ಈ ಒಂದು ಸಾಲು, ಮುಂದೆ ತಜ್ಞರ ಬಳಿ ಹೋದಾಗ ಬಹಳ ಉಪಯುಕ್ತ. ಲೆಕ್ಕದ ಮೊತ್ತಗಳನ್ನು ಮಾತ್ರ ಬೆರಳಿನಿಂದ ಒತ್ತುವುದು ಮೇಲು. ಹೊಲದಲ್ಲಿ ಸಿಗ್ನಲ್ ಸಿಗದಿದ್ದರೆ ಮೊಬೈಲಿನ ಧ್ವನಿಮುದ್ರಣದಲ್ಲಿ ಹೇಳಿಟ್ಟುಕೊಂಡು, ಮನೆಗೆ ಬಂದು ಕೇಳುತ್ತ ಮತ್ತೆ ಹೇಳಿ ಬರೆಸಬಹುದು.

ಬರೆಯಲಾಗದವರಿಗೆ ಆಸರೆ

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75.36. ಸಾಕ್ಷರರೆಂದು ಎಣಿಕೆಯಾದವರಲ್ಲಿಯೂ ಒಂದು ಅರ್ಜಿಯನ್ನು ಸ್ವತಃ ಬರೆಯಲು ಹಿಂಜರಿಯುವವರು ಎಷ್ಟೋ ಜನ. ಮೇವು ಕತ್ತರಿಸುವ ಯಂತ್ರಕ್ಕೋ ಕಬ್ಬಿನ ಗಾಣಕ್ಕೋ ಬೆರಳು ಕಳೆದುಕೊಂಡವರು, ಕೈ ನಡುಗುವ ವಯಸ್ಸಾದವರು, ದೃಷ್ಟಿ ಮಂದವಾದವರು ಹಳ್ಳಿಹಳ್ಳಿಯಲ್ಲಿದ್ದಾರೆ. ಇವರೆಲ್ಲ ಇದುವರೆಗೆ ಬರಹಕ್ಕಾಗಿ ಇನ್ನೊಬ್ಬರ ಬಿಡುವನ್ನು ಕಾಯಬೇಕಿತ್ತು. ತಮ್ಮ ಸಾಲ, ತಮ್ಮ ಜಮೀನಿನ ತಕರಾರುಗಳನ್ನು ಆ ಇನ್ನೊಬ್ಬರಿಗೆ ತಿಳಿಸಬೇಕಿತ್ತು. ಹೇಳಿ ಬರೆಸುವ ಸೌಲಭ್ಯದ ನಿಜವಾದ ಹಿರಿಮೆ ವೇಗದಲ್ಲಿಲ್ಲ, ಇಲ್ಲಿದೆ.

ಆದರೆ ಓದಲಾರದವರು ತಾವು ಹೇಳಿದ್ದೇ ಮೂಡಿದೆಯೆಂದು ತಿಳಿಯುವುದು ಹೇಗೆ? ಇದಕ್ಕೂ ಮೊಬೈಲಿನಲ್ಲಿ ದಾರಿಯಿದೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವನ್ನು ಆರಿಸಿ ಹೇಳಿ ಬರೆಸಿದರೆ, ಪಕ್ಕದ ಸ್ಪೀಕರಿನ ಚಿಹ್ನೆಯನ್ನು ಒತ್ತಿದಾಗ ಅದು ಬರೆದದ್ದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ. ದೃಷ್ಟಿ ಇಲ್ಲದವರಿಗಾಗಿ ಆಂಡ್ರಾಯ್ಡ್ ಮೊಬೈಲಿನಲ್ಲಿ ‘ಟಾಕ್‌ಬ್ಯಾಕ್’ ಎಂಬ ಸೌಲಭ್ಯವಿದೆ. ಬೆರಳು ಮುಟ್ಟಿದ್ದನ್ನೆಲ್ಲ ಅದು ಓದಿ ಹೇಳುತ್ತದೆ. ಇದನ್ನು ರೂಢಿಸಿಕೊಳ್ಳಲು ಕೆಲವು ದಿನಗಳ ಅಭ್ಯಾಸ ಬೇಕು. ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತು ಕಲಿಸುವುದು ಅವಶ್ಯ. ಓದಿ ಹೇಳಿಸುವಾಗ ‘ಬೆಳೆ’, ‘ಬೆಲೆ’ಯಂಥ ಪದಗಳ ಮೇಲೆ ಕಿವಿಯಿಟ್ಟು ಕೇಳಬೇಕು, ಹಣದ ವ್ಯವಹಾರದ ಪತ್ರವಾದರೆ ನಂಬುಗೆಯವರೊಬ್ಬರ ಕಣ್ಣಿಗೆ ಹಾಕುವುದೇ ಸರಿ.

ಗುಟ್ಟಿನ ವಿಷಯಗಳು

ಹೇಳಿದ ಮಾತು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ಕಂಪನಿಯ ಗಣಕಕ್ಕೆ ಹೋಗಿ ಬರಹವಾಗಿ ಮರಳುತ್ತದೆ ಎಂಬುದನ್ನು ನೆನಪಿಡಬೇಕು. ಬ್ಯಾಂಕಿನ ಗುಪ್ತ ಸಂಖ್ಯೆ, ಓಟಿಪಿ, ಪಾಸ್‌ವರ್ಡುಗಳನ್ನು ಯಾವ ಕಾರಣಕ್ಕೂ ಮೊಬೈಲಿಗೆ ಬಾಯಿಂದ ಹೇಳಬಾರದು. ಬಸ್ಸಿನಲ್ಲಿ, ಸಂತೆಯಲ್ಲಿ ಕುಳಿತು ಹೇಳುವಾಗ ಪಕ್ಕದವರ ಕಿವಿಯೂ ತೆರೆದಿರುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಕ್ಷೇತ್ರ ಭೇಟಿಯ ವರದಿಯನ್ನು ವಾರದ ಕೊನೆಗೆ ನೆನಪಿನಿಂದ ಬರೆಯುವ ಬದಲು ಹೊಲದಿಂದ ಹೊರಬಂದ ಕೂಡಲೆ ನಾಲ್ಕು ಸಾಲು ಹೇಳಿ ಬರೆಸಿದರೆ ವಿವರಗಳು ತಪ್ಪುವುದಿಲ್ಲ. ಕಚೇರಿಯ ಗಣಕಯಂತ್ರದಲ್ಲಿ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ‘ಟೂಲ್ಸ್’ ಪಟ್ಟಿಯಲ್ಲಿರುವ ‘ವಾಯ್ಸ್ ಟೈಪಿಂಗ್’ ಆರಿಸಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅಲ್ಲಿಯೂ ಹೇಳಿ ಬರೆಸಬಹುದು. ಹೀಗೆ ಬರುವ ಬರಹ ಯೂನಿಕೋಡ್‌ನಲ್ಲಿರುತ್ತದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೇಕಿದ್ದರೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ರೈತರ ಸಭೆಯ ನಡುವೆ ಮೊಬೈಲಿಟ್ಟು ನಡಾವಳಿ ಬರೆಸುವ ಪ್ರಯತ್ನ ಫಲಿಸದು. ಹಲವರು ಒಟ್ಟಿಗೆ ಮಾತನಾಡಿದರೆ ಕೀಲಿಮಣೆಯ ಮೈಕಿಗೆ ಏನೂ ಹಿಡಿಯುವುದಿಲ್ಲ. ತೀರ್ಮಾನವಾದ ಮೇಲೆ ಕಾರ್ಯದರ್ಶಿಯೊಬ್ಬರೇ ಪಕ್ಕಕ್ಕೆ ಹೋಗಿ ಒಂದೊಂದಾಗಿ ಹೇಳಿ ಬರೆಸಬೇಕು.

ಬರೆಯುವ ಗೋಜೇ ಬೇಡವೆನ್ನುವವರು 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರಿಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಅವರು ಹೇಳಿದ ಔಷಧಿಯ ಪ್ರಮಾಣವನ್ನು ಕೂಡಲೆ ಕಾಗದದಲ್ಲಿ ಗುರುತು ಹಾಕಿಕೊಂಡು, ಅವರಿಗೇ ಮತ್ತೊಮ್ಮೆ ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕು.